ಕಾಯಕ: ಅಂಗಳದ ಮಾತು

‘ಕಾಯಕ’ ಈಗ ಎತ್ತರದಲ್ಲಿ ಕೂತಿದೆ. ಕಚೇರಿಯ ಬಾಗಿಲ ಮೇಲೆ, ಶಾಲೆಯ ಗೋಡೆಯ ಮೇಲೆ, ನಿವೃತ್ತರಿಗೆ ಕೊಡುವ ಸನ್ಮಾನಪತ್ರದಲ್ಲಿ ಅದು ಇದ್ದೇ ಇರುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕೂಲಿಕಾರರ ಗುಂಪು ನೋಡಿಕೊಳ್ಳುವವರಿಗೆ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂದು ಹೆಸರಿಟ್ಟಾಗ ಮಾತ್ರ, ಪದ ಕೆಳಗಿಳಿದು ಮಣ್ಣು ಮುಟ್ಟಿತಲ್ಲ ಎಂದು ನನಗೆ ಸಂತೋಷವಾಗಿತ್ತು.

ಕಾಯ ಎಂದರೆ ಮೈ. ಮೈಮುರಿದು ಮಾಡುವ ದುಡಿಮೆಗೆ 12ನೆಯ ಶತಮಾನದ ಶರಣರು ದೇವರನ್ನು ಕೂಡಿಸಿದರು. ಕಾಯಕವನ್ನು ಕೈಲಾಸವೆಂದ ಮಾತನ್ನು ನಾವು ಬಸವಣ್ಣನವರ ಹೆಸರಿನಲ್ಲಿ ಬರೆಯುತ್ತೇವೆ. ಅದು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆತ ನೆಲಕ್ಕೆ ಬಿದ್ದ ಅಕ್ಕಿ ಆಯುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದಳು.

ಹಾವೇರಿ ಜಿಲ್ಲೆಯ ಮಾಸೂರು ದಾಟಿ ದಕ್ಷಿಣಕ್ಕೆ ನಡೆದರೆ ಶಿಕಾರಿಪುರ ತಾಲೂಕು. ಅಲ್ಲಿಯ ಹಿರೇಜಂಬೂರು ಇನ್ನೊಬ್ಬ ಶರಣೆ ಸತ್ಯಕ್ಕನ ಊರು. ಶಿವಭಕ್ತರ ಮನೆಯಂಗಳ ಗುಡಿಸುವುದು ಆಕೆಯ ಕಾಯಕ. ಬೆಳಗ್ಗೆ ಗುಡಿಸಿದ ಅಂಗಳ ಸಂಜೆಗೆ ಮತ್ತೆ ಕಸ. ಗುಡಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಗುಡಿಸದೆ ಬಿಟ್ಟ ದಿನ ಮಾತ್ರ ಎಲ್ಲರಿಗೂ ಕಾಣುತ್ತದೆ. ಲಂಚಕ್ಕೆ ಕೈಯೊಡ್ಡೆ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಎತ್ತೆ ಎಂದು ಆಕೆ ತನ್ನ ಶಂಭುಜಕ್ಕೇಶ್ವರನಿಗೆ ಆಣೆಯಿಟ್ಟು ಹೇಳಿದಳು. ಕಸಬರಿಗೆ ಹಿಡಿದವರ ಕಣ್ಣು ಸದಾ ನೆಲದ ಮೇಲೆ. ಬಿದ್ದದ್ದು ಮೊದಲು ಕಾಣುವುದು ಅವರಿಗೇ. ಸುತ್ತ ಯಾರೂ ಇಲ್ಲದ ಹೊತ್ತಿನಲ್ಲೂ ಉಳಿಯಬೇಕಾದ ಆಣೆ ಅದು. ಸತ್ಯಕ್ಕನ ಭಕ್ತಿಯ ಗಟ್ಟಿತನ ನನಗೆ ಕಾಣುವುದು ಅಲ್ಲಿಯೇ.

ಮಾಸೂರಿಗೆ ಸೇರಿದ ಇನ್ನೊಂದು ಕಾಯಕವನ್ನು ಹೇಳದೆ ಮುಂದೆ ಹೋಗಲಾರೆ. ಸರ್ವಜ್ಞನ ತಂದೆ ಬಸವರಸ ಈ ಊರಿನವನು, ತಾಯಿ ಮಾಳಿ ಅಂಬಲೂರಿನವಳು ಎಂಬ ಪ್ರತೀತಿ ಇದೆ. ಜನರ ನಾಲಗೆಯ ಮೇಲೆ, ಹಳೆಯ ಓಲೆಗಳಲ್ಲಿ ಚದುರಿಹೋಗಿದ್ದ ಅವನ ತ್ರಿಪದಿಗಳನ್ನು ಹುಡುಕಿ ಕೂಡಿಸಿ, 1924ರಲ್ಲಿ ಪುಸ್ತಕ ಮಾಡಿದವರು ಉತ್ತಂಗಿ ಚನ್ನಪ್ಪ. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ನಿನ ಪಾದ್ರಿ. ಕ್ರಿಸ್ತನ ಸೇವೆಗೆ ನಿಂತವರು ಶೈವ ಕವಿಯೊಬ್ಬನ ಪದ್ಯಗಳನ್ನು ಒಂದೊಂದಾಗಿ ಆಯ್ದು, ಪಾಠ ಹೋಲಿಸಿ, ತಿದ್ದಿ ಕೂತರು. ಮುಂದೆ 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು, ನಿಜ. ಆದರೆ ಆ ಕೆಲಸ ನಡೆದ ವರ್ಷಗಳಲ್ಲಿ ಹಾರವೂ ಇರಲಿಲ್ಲ, ವೇದಿಕೆಯೂ ಇರಲಿಲ್ಲ. ಇಂದು ಸರ್ವಜ್ಞನ ಪದ ಬಾಯಿಗೆ ಬರುವ ನಮ್ಮಲ್ಲಿ ಎಷ್ಟು ಮಂದಿಗೆ ಉತ್ತಂಗಿಯವರ ನೆನಪಾಗುತ್ತದೆ?

‘ಕಾಯಕ’ ಎಂಬ ಪದದ ಒಂದು ದುರ್ಬಳಕೆ ನನ್ನನ್ನು ನೋಯಿಸುತ್ತದೆ. ಕೂಲಿ ಕೇಳಿದವರಿಗೆ ‘ಇದು ಕಾಯಕ ಕಣಪ್ಪಾ’ ಎಂದು ಬುದ್ಧಿ ಹೇಳುವುದು. ಶರಣರ ಕಾಯಕ ಬಿಟ್ಟಿ ಚಾಕರಿಯಾಗಿರಲಿಲ್ಲ. ದುಡಿದು ಗಳಿಸಿದ್ದರಿಂದಲೇ ಮನೆಯ ಊಟವೂ ದಾಸೋಹವೂ ನಡೆಯಬೇಕಿತ್ತು. ದುಡಿಸಿಕೊಂಡು ಕೂಲಿ ತಡೆಯುವವರಿಗೆ ಆ ಪದವನ್ನು ಎತ್ತುವ ಹಕ್ಕಿಲ್ಲ.

ನಿಮ್ಮ ಊರಿನ ಬೀದಿ ಗುಡಿಸುವವರ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ ನಾಳೆಯೇ ಕೇಳಿಕೊಳ್ಳಿ; ಅವರ ಪಗಾರ ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ ಎಂದು ಪಂಚಾಯಿತಿಯಲ್ಲೂ ವಿಚಾರಿಸಿ.