ಹೇರ್ ಶಾಲೆಯ ಬಾಲಕರ ಕಾಲ್ಚೆಂಡಿನಾಟ

ಭರತಖಂಡದ ಬಾಲಕರು ತಮ್ಮದೇ ಆದ ತಂಡವನ್ನು ಕಟ್ಟಿಕೊಂಡು ಕಾಲ್ಚೆಂಡನ್ನಾಡಲು ತೊಡಗಿದುದು ಎಲ್ಲಿ, ಯಾವಾಗ ಎಂದು ಕೇಳಿದರೆ, ಆಟಗಳ ಇತಿಹಾಸವನ್ನು ಬಲ್ಲವರು ಸಾಮಾನ್ಯವಾಗಿ ಕಲಕತ್ತೆಯ ಹೇರ್ ಶಾಲೆಯತ್ತ ಬೆರಳು ತೋರುವರು. ಇಂತಹ ಸಂಪುಟದಲ್ಲಿ ಆಟದ ಮಾತಿಗೆ ಎಡೆಯೇಕೆಂದು ವಾಚಕರು ಹುಬ್ಬುಗಂಟಿಕ್ಕಬಾರದು. ಈ ವೃತ್ತಾಂತವು ಚೆಂಡಿನಿಂದ ಮೊದಲಾದರೂ ಮನುಷ್ಯನ ಬಳಿಗೆ ಬಂದು ನಿಲ್ಲುತ್ತದೆ.

1877ನೆಯ ಇಸವಿಯ ಮಾತು. ಪ್ರಸಿದ್ಧ ವೈದ್ಯರಾದ ಸೂರ್ಯಕುಮಾರ ಸರ್ವಾಧಿಕಾರಿಯವರ ಪುತ್ರನಾದ ನಗೇಂದ್ರಪ್ರಸಾದನಿಗೆ ಆಗ ಎಂಟರ ಪ್ರಾಯ. ತಾಯಿಯೊಡನೆ ಗಂಗಾಸ್ನಾನಕ್ಕೆಂದು ಗಾಡಿಯಲ್ಲಿ ಹೋಗುತ್ತಿರುವಾಗ, ದಾರಿಯ ಬಯಲಿನಲ್ಲಿ ಬಿಳಿಯ ಸಿಪಾಯಿಗಳು ಚೆಂಡನ್ನೊದೆಯುತ್ತಿರುವುದನ್ನು ಕಂಡು, ಗಾಡಿಯಿಂದಿಳಿದು ನೋಡುತ್ತ ನಿಂತನಂತೆ. ಚೆಂಡು ಉರುಳುತ್ತ ಅವನ ಕಾಲ ಬಳಿಗೇ ಬಂದಿತು. ಕೈಗೆತ್ತಿಕೊಂಡು ಅದರ ಹಗುರಕ್ಕೆ ಬೆರಗಾದನು. ಸಿಪಾಯಿಯೊಬ್ಬನು ಒದ್ದು ಕಳಿಸೆನ್ನಲು, ಒದ್ದನು. ಬಾಯಿಂದ ಬಾಯಿಗೆ ಹರಿದು ಬಂದ ಈ ಪ್ರಸಂಗಕ್ಕೆ ಅಷ್ಟಿಷ್ಟು ಬಣ್ಣವೇರಿದ್ದರೂ ಏರಿರಬಹುದು.

ಹುಡುಗನು ಶಾಲೆಯಲ್ಲಿ ಗೆಳೆಯರಿಗೆ ಇದನ್ನೆಲ್ಲ ಹೇಳಿದನು. ಎಲ್ಲರೂ ಹಣ ಕೂಡಿಸಿ ಆಂಗ್ಲರ ಅಂಗಡಿಯಿಂದ ಚೆಂಡೊಂದನ್ನು ಕೊಂಡು ತಂದರು. ತಂದುದು ರಗ್ಬಿ ಚೆಂಡು! ಇಂಗ್ಲೆಂಡಿನಲ್ಲಿ ಕಾಲ್ಚೆಂಡಿನ ನಿಯಮಗಳು 1863ರಲ್ಲಿ ಬರೆಯಲ್ಪಟ್ಟಿದ್ದವು. ರಗ್ಬಿಯವರು 1871ರಲ್ಲಿ ತಮ್ಮದೇ ಒಕ್ಕೂಟವನ್ನು ಕಟ್ಟಿಕೊಂಡಿದ್ದರು. ಎರಡಕ್ಕೂ ಬೇರೆ ಬೇರೆ ಚೆಂಡುಂಟೆಂಬುದನ್ನು ಆ ಎಳೆಯರು ಎಲ್ಲಿಂದ ತಿಳಿಯಬೇಕು? ತತ್ತಿಯಾಕಾರದ ಆ ವಸ್ತುವು ನೆಲಕ್ಕೆ ಬಿದ್ದರೆ ಎತ್ತ ಪುಟಿಯುವುದೆಂಬುದನ್ನು ಬ್ರಹ್ಮನೂ ಹೇಳಲಾರನು. ಆದರೂ ಅದನ್ನೇ ಒದೆಯುತ್ತ ಶಾಲೆಯ ಬಯಲಿನಲ್ಲಿ ಕುಣಿದರು. ನೆರೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾದ ಸ್ಟ್ಯಾಕ್ ಎಂಬವರು ಈ ಗದ್ದಲವನ್ನು ಕಂಡು, ನಕ್ಕು ಸುಮ್ಮನಾಗದೆ, ದುಂಡನೆಯ ಚೆಂಡನ್ನು ಒದಗಿಸಿ, ಆಟದ ಕ್ರಮವನ್ನೂ ತಿಳಿಸಿಕೊಟ್ಟರು. ಗಡಿಯಾರದ ಕಸುಬಿನವರಾಗಿದ್ದ ಡೇವಿಡ್ ಹೇರರ ಹೆಸರನ್ನು ಹೊತ್ತ ಶಾಲೆಯಲ್ಲಿ ಹುಡುಗರು ಹೊತ್ತಿನ ಪರಿವೆಯೇ ಇಲ್ಲದೆ ಆಡಿದರೆಂದರೆ ತಪ್ಪಾಗದು.

ಇಲ್ಲಿ ಇನ್ನೊಂದು ಶಾಲೆಯ ಸಂಗತಿಯನ್ನೂ ನೆನೆಯಬೇಕು. 1891ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಟಿಂಡೇಲ್ ಬಿಸ್ಕೋ ಎಂಬ ಪಾದ್ರಿಯು ಚೆಂಡನ್ನು ತಂದಾಗ, ಅಲ್ಲಿಯ ಬ್ರಾಹ್ಮಣ ವಿದ್ಯಾರ್ಥಿಗಳು ಅದು ಚರ್ಮದ್ದೆಂದರಿತು ಮುಟ್ಟಲೊಲ್ಲೆವೆಂದರು. ಉಪಾಧ್ಯಾಯರು ಕೋಲು ಹಿಡಿದು ನಿಂತ ಮೇಲೆಯೇ ಆಟವು ಸಾಗಿತು. ಚೆಂಡು ಮೋರೆಗೆ ತಗುಲಿದ ಬಾಲಕನೊಬ್ಬನು ಮೈಲಿಗೆಯಾಯಿತೆಂದು ಅತ್ತನು. ನೀರಿನಲ್ಲಿ ಮೋರೆ ತೊಳೆಸಿ ಅವನನ್ನು ಮರಳಿ ಕರೆತಂದರು. ಬೆತ್ತದ ಭಯದಿಂದ ಕಲಿತ ಆಟಕ್ಕೂ, ತಾವೇ ಹಣ ಕೂಡಿಸಿ ತಪ್ಪು ಚೆಂಡನ್ನು ಕೊಂಡು ಕಲಿತ ಆಟಕ್ಕೂ ಬಹಳ ಅಂತರವುಂಟೆಂದು ನನ್ನ ಎಣಿಕೆ.

ಆದರೆ ಚರ್ಮದ ಚೆಂಡನ್ನು ಒಲಿದು ಒದ್ದ ಮಾತ್ರಕ್ಕೆ ಕಲಕತ್ತೆಯವರ ಮನದಿಂದ ಮೈಲಿಗೆಯ ಭಾವವು ತೊಲಗಿತೆಂದಲ್ಲ. ನಗೇಂದ್ರಪ್ರಸಾದನು ಬೆಳೆದಂತೆ ಒಂದರ ಹಿಂದೊಂದು ಸಂಘಗಳನ್ನು ಕಟ್ಟಿದನು. ಅವುಗಳಲ್ಲಿ ವೆಲ್ಲಿಂಗ್ಟನ್ ಕ್ಲಬ್ ಒಂದು. ಮಣಿ ದಾಸ್ ಎಂಬ ತರುಣನನ್ನು ಅದರಲ್ಲಿ ಸೇರಿಸಿಕೊಳ್ಳಬೇಕೆಂದಾಗ ಸದಸ್ಯರಲ್ಲಿ ಕೆಲವರು ಅಡ್ಡಿ ತಂದರು. ಅವನು ಕುಂಬಾರನ ಮಗನೆಂಬುದೇ ಕಾರಣ. ಕುಂಬಾರ ಗುಂಡಯ್ಯನವರನ್ನು ಶರಣರ ಸಾಲಿನಲ್ಲಿ ನೆನೆಯುವ ನಮಗೆ ಈ ಆಕ್ಷೇಪಣೆಯು ವಿಚಿತ್ರವಾಗಿ ತೋರಬಹುದು. ಆದರೆ ಅಂತಹ ಮಾತು ನಮ್ಮ ಊರುಗಳಲ್ಲಿ ಕೇಳಿಬಂದಿಲ್ಲವೆಂದು ಎದೆ ಮುಟ್ಟಿ ಹೇಳುವವರಾರು? ಚೆಂಡನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಕಾಲು ನಿರ್ಣಯಿಸುವ ಬಯಲಿನಲ್ಲಿ ಕುಲವನ್ನು ಕೇಳಿದರು!

ನಗೇಂದ್ರಪ್ರಸಾದನು ವಾದಕ್ಕೆ ನಿಲ್ಲಲಿಲ್ಲ. ತಾನು ಕಟ್ಟಿದ ಸಂಘವನ್ನು ತಾನೇ ಮುರಿದನು. ಬಳಿಕ ಅದೇ ದಶಕದಲ್ಲಿ, ತಾನು ಅಳಿಯನಾಗಿದ್ದ ಶೋಭಾಬಜಾರದ ರಾಜಮನೆತನದ ಆಸರೆಯಲ್ಲಿ ಹೊಸ ಕ್ಲಬ್ಬನ್ನು ಸ್ಥಾಪಿಸಿದನು. ಅದರಲ್ಲಿ ಮೊದಲು ಬರೆಸಿದ ಹೆಸರು ಮಣಿ ದಾಸನದೆಂದು ಹೇಳುವರು. 1892ರಲ್ಲಿ ಟ್ರೇಡ್ಸ್ ಕಪ್ ಪಂದ್ಯಾವಳಿಯಲ್ಲಿ ಈ ಶೋಭಾಬಜಾರ ತಂಡವು ಈಸ್ಟ್ ಸರ್ರೆ ಎಂಬ ಗೋರಾ ದಂಡಿನ ತಂಡವನ್ನು ಸೋಲಿಸಿತು. ಗಾಡಿಯಿಂದಿಳಿದು ಸಿಪಾಯಿಗಳ ಚೆಂಡನ್ನೊದ್ದ ಬಾಲಕನಿಗೆ ಆಗ ಇಪ್ಪತ್ತಮೂರರ ಪ್ರಾಯ.