ಸುದ್ದಿ ಮೌಲ್ಯ

ದಿನವಿಡೀ ಬಂದು ಬೀಳುವ ನೂರಾರು ಸಂಗತಿಗಳಲ್ಲಿ ಯಾವುದು ಮುಖಪುಟಕ್ಕೆ, ಯಾವುದು ಒಳಪುಟದ ಮೂಲೆಗೆ, ಯಾವುದು ಕಸದ ಬುಟ್ಟಿಗೆ ಎಂದು ಪತ್ರಿಕೆಯ ಡೆಸ್ಕ್ ತೀರ್ಮಾನಿಸುವಾಗ ಬಳಸುವ ಅಳತೆಗಳಿಗೆ ಒಟ್ಟಾಗಿ ಸುದ್ದಿ ಮೌಲ್ಯ ಎನ್ನುತ್ತಾರೆ. ಇವುಗಳಲ್ಲಿ ಬಹುಪಾಲು ಬರೆದಿಟ್ಟ ನಿಯಮಗಳಲ್ಲ. ಕೆಲಸ ಮಾಡುತ್ತ ಕೈಗೆ ಹತ್ತಿದ ಅಂದಾಜುಗಳು. ಆದ್ದರಿಂದ ಸುದ್ದಿ ಮೌಲ್ಯವಿದ್ದದ್ದೆಲ್ಲ ಮಹತ್ವದ್ದೇ ಆಗಿರಬೇಕೆಂದೇನೂ ಇಲ್ಲ.

ಈ ಅಳತೆಗಳನ್ನು ಕ್ರಮವಾಗಿ ಪಟ್ಟಿ ಮಾಡಿದವರಲ್ಲಿ ಮೊದಲಿಗರು ನಾರ್ವೆಯ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ಹೋಲ್ಮ್‌ಬೋ ರೂಗೆ. ಕಾಂಗೋ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳನ್ನು ತಮ್ಮ ದೇಶದ ನಾಲ್ಕು ಪತ್ರಿಕೆಗಳು ಹೇಗೆ ವರದಿ ಮಾಡಿದವೆಂದು ನೋಡಿ, 1965ರಲ್ಲಿ ಅವರು 12 ಅಂಶಗಳನ್ನು ಮುಂದಿಟ್ಟರು. ಪ್ರಬಲ ದೇಶ, ಗಣ್ಯ ವ್ಯಕ್ತಿ, ಕೆಟ್ಟ ಸುದ್ದಿ, ಅನಿರೀಕ್ಷಿತ ತಿರುವು ಇತ್ಯಾದಿ ಈ ಪಟ್ಟಿಯಲ್ಲಿವೆ. ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಕಾಲದ ಅಳತೆ. ಕೊಲೆ, ರಾಜೀನಾಮೆ, ರೈಲು ಅಪಘಾತ ಒಂದೇ ದಿನದೊಳಗೆ ಆಗಿ ಮುಗಿಯುತ್ತವೆ, ದಿನಪತ್ರಿಕೆಯ ಲಯಕ್ಕೆ ಹೊಂದುತ್ತವೆ. ವರ್ಷಗಟ್ಟಲೆ ನಿಧಾನವಾಗಿ ಆಗುವುದಕ್ಕೆ ‘ಇಂದು’ ಎಂಬುದೇ ಇರುವುದಿಲ್ಲ.

ಒಮ್ಮೊಮ್ಮೆ ಕಣ್ಣೆದುರಿನ ಘಟನೆಯೂ ತಪ್ಪಿಹೋಗುತ್ತದೆ. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿದ ಸುದ್ದಿಯನ್ನು ಕೆಲವು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದವು, ಹಲವು ಕಡೆಗಣಿಸಿದವು. ಅವರ ವಿಮಾನವನ್ನು ಕಣ್ಣಾರೆ ಕಂಡವರೊಬ್ಬರ ಮೊದಲ ವಿವರವಾದ ವರದಿ ಅಚ್ಚಾದದ್ದು 1905ರ ಜನವರಿಯಲ್ಲಿ, ಅದೂ ಏಮಸ್ ರೂಟ್ ಎಂಬಾತ ಹೊರತರುತ್ತಿದ್ದ ಜೇನು ಸಾಕಣೆಯ ಪತ್ರಿಕೆಯಲ್ಲಿ!

ನಿಧಾನದ ಸುದ್ದಿಗೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಕಾಸರಗೋಡಿನ ಎಂಡೋಸಲ್ಫಾನ್ ದುರಂತ. ಟೀ ಸೊಳ್ಳೆ ಎಂಬ ಕೀಟದ ಕಾಟ ತಡೆಯಲೆಂದು ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಈ ಕೀಟನಾಶಕ ಸುರಿಯಿತು. ಆಸುಪಾಸಿನ ಹಟ್ಟಿಗಳಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟತೊಡಗಿದವು. ಎಣ್ಮಕಜೆ ಪಂಚಾಯತಿಯ ಪಡ್ರೆಯವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಈ ಬಗ್ಗೆ ಬರೆದರು. ಹೆಲಿಕಾಪ್ಟರ್ ಮಾತ್ರ ವರ್ಷ ವರ್ಷವೂ ಬರುತ್ತಲೇ ಇತ್ತು.

ಸುದ್ದಿ ದೊಡ್ಡದಾಗದೇ ಇದ್ದುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಅದಕ್ಕೊಂದು ನಿಶ್ಚಿತ ತಾರೀಕಿರಲಿಲ್ಲ. ತೊಂದರೆಗೆ ಸಿಕ್ಕವರು ಕೂಲಿಕಾರರು, ಸಣ್ಣ ಹಿಡುವಳಿದಾರರು. ಊರಿನ ಮಾತು ಕನ್ನಡ, ತುಳು, ರಾಜಧಾನಿ ತಿರುವನಂತಪುರ. ಬೆಂಗಳೂರಿನ ಪತ್ರಿಕೆಗಳಿಗೆ ಅದು ಪಕ್ಕದ ರಾಜ್ಯದ ವಿಷಯ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ತಂದ ಮಾದರಿಗಳ ಪರೀಕ್ಷಾ ಫಲಿತಾಂಶ ಪ್ರಕಟಿಸಿದ ಮೇಲೆ ದೇಶ ತಿರುಗಿ ನೋಡಿತು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಲ್ಲೂ ಈ ಕೀಟನಾಶಕದಿಂದ ಇದೇ ಗೋಳು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಹಸಿವಿನ ವಿಷಯದಲ್ಲಿ ದಿಢೀರ್ ಘಟನೆಗೂ ನಿಧಾನದ ಸಂಗತಿಗೂ ನಡುವೆ ಇಂಥದೇ ಅಂತರ ಕಂಡರು. ಬಂಗಾಳದ ಕ್ಷಾಮದ ಚಿತ್ರಗಳನ್ನು 1943ರ ಆಗಸ್ಟ್‌ನಲ್ಲಿ ದಿ ಸ್ಟೇಟ್ಸ್‌ಮನ್ ಅಚ್ಚು ಹಾಕಿದಾಗ ಸರ್ಕಾರ ಮುಜುಗರಕ್ಕೀಡಾಯಿತು. ಸ್ವತಂತ್ರ ಪತ್ರಿಕೆಗಳಿರುವಲ್ಲಿ ಕ್ಷಾಮ ಮುಚ್ಚಿಡುವುದು ಕಷ್ಟ, ಆದರೆ ನಿತ್ಯದ ಅಪೌಷ್ಟಿಕತೆ ಅಷ್ಟು ಸುಲಭವಾಗಿ ಅವುಗಳ ಕಣ್ಣಿಗೆ ಬೀಳದು ಎಂಬುದು ಅವರ ವಾದ.

ಇಂಥ ಲೋಪ ತುಂಬಲೆಂದೇ ಕ್ಯಾಲಿಫೋರ್ನಿಯಾದ ಸೊನೋಮಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಜೆನ್ಸನ್ 1976ರಲ್ಲಿ ‘ಪ್ರಾಜೆಕ್ಟ್ ಸೆನ್ಸಾರ್ಡ್’ ಶುರುಮಾಡಿದರು. ಅದು ಪ್ರತಿವರ್ಷ ಕಡೆಗಣಿಸಲ್ಪಟ್ಟ ಸುದ್ದಿಗಳ ಪಟ್ಟಿಯನ್ನು ಹೊರತರುತ್ತ ಬಂದಿದೆ. ಪಟ್ಟಿಯ ಆಯ್ಕೆ ಎಡಕ್ಕೆ ವಾಲಿದೆಯೆಂಬ ಟೀಕೆಯೂ ಇದೆ.