ಕೋಟೆಯ ತೆನೆಯಿಂದ ಅಂಗಳದ ಕ್ಯಾಮೆರಾದವರೆಗೆ

ರಾಯಚೂರು ಕೋಟೆಯ ಗೋಡೆಯಲ್ಲಿರುವ ಉದ್ದನೆಯ ಕಲ್ಲಿನ ಶಾಸನ 1294ರದು. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದನೆಂದು ಅದು ಹೇಳುತ್ತದೆ. 1520ರಲ್ಲಿ ಕೃಷ್ಣದೇವರಾಯ ಇದನ್ನು ಮುತ್ತಿದಾಗಿನ ಒಂದು ಪ್ರಸಂಗವನ್ನು ಪೋರ್ಚುಗೀಸ್ ವರ್ತಕ ನುನಿಜ್ ಬರೆದಿಟ್ಟಿದ್ದಾನೆ. ರಾಯನ ಕಡೆಗಿದ್ದ ಪೋರ್ಚುಗೀಸ್ ಬಂದೂಕುಗಾರರು ಎಲ್ಲಿದ್ದಾರೆಂದು ನೋಡಲು ಕೋಟೆಯ ಅಧಿಕಾರಿ ತೆನೆಯಿಂದ ಹೊರಗೆ ಬಾಗಿದ. ಹಣೆಗೆ ಗುಂಡು ಬಿದ್ದು ಸತ್ತ. ಕೋಟೆ ರಾಯನ ವಶವಾಯಿತು.

ಆಗ ಕಾವಲುಗಾರ ಇಣುಕಿದರೆ ತಾನೂ ಕಾಣಿಸಿಕೊಳ್ಳಬೇಕಿತ್ತು. ಇಂದಿನ ಕ್ಯಾಮೆರಾಕ್ಕೆ ಆ ಭಯವಿಲ್ಲ.

ಮಾನ್ವಿಯ ನಮ್ಮ ಮನೆಗೆ ಕ್ಯಾಮೆರಾ ಆರಿಸುವಾಗ ದೇವದುರ್ಗದ ಅಣ್ಣ, "ಎಲ್ಲಾ ಕಡಿ ಕಾಣಂಗ ಎತ್ತರಕ್ಕ ಹಾಕ್ಸು" ಅಂದ. ಹಾಗೇ ಮಾಡಿದೆ. ಮೊಬೈಲಿನಲ್ಲಿ ನೋಡಿದರೆ ಅರ್ಧ ನಮ್ಮ ಅಂಗಳ, ಇನ್ನರ್ಧ ಪಕ್ಕದ ಮನೆಯ ಬಚ್ಚಲ ಬಾಗಿಲು. ಆ ಮನೆಯ ಅಮ್ಮ ಗೋಡೆಯಾಚೆಯಿಂದ, "ಅದು ನಮ್ಮನ್ನೂ ನೋಡ್ತದೇನಪಾ?" ಎಂದು ಕೇಳಿದರು. ನನಗೆ ಉತ್ತರ ಹೊರಡಲಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದನ್ನು ಪರೀಕ್ಷೆಗಾಗಿ ಓದಿದ್ದೆ. ಅದರ ಅರ್ಥ ತಿಳಿದದ್ದು ಆ ಪ್ರಶ್ನೆಯಿಂದ.

ಮರುದಿನ ಕ್ಯಾಮೆರಾ ಕೆಳಗಿಳಿಸಿ ಗೇಟಿನ ಕಡೆ ತಿರುಗಿಸಿದೆ. ಗೋಡೆಯಾಚೆ ಇನ್ನೂ ಕಾಣುತ್ತಿದ್ದ ಭಾಗಕ್ಕೆ ಸೆಟ್ಟಿಂಗಿನಲ್ಲಿ ಕಪ್ಪು ಪಟ್ಟಿ ಹಾಕಿದೆ. ಬಂದವರ ಮುಖ ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು. ಆಮೇಲೆ ಮೊಬೈಲ್ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ, ಅಮ್ಮನಿಗೆ ತೋರಿಸಲು.